ತಾಲ್ಲೂಕು ಕಚೇರಿಯ ಮಳೆಮಾಪಕವೂ ಧ್ರುವಸಾಗರದ ಮಂಜುಗಡ್ಡೆಯೂ

ಪಡುವಣ ಕಡಲಿನಿಂದ ಎದ್ದು ಬರುವ ಮುಂಗಾರಿನ ಮೋಡಗಳು ತಮ್ಮ ಭಾರದ ಬಹುಪಾಲನ್ನು ಸಹ್ಯಾದ್ರಿಯ ಮೇಲೆಯೇ ಇಳಿಸಿ, ಹಗುರಾಗಿ, ಗಾಳಿಯನ್ನೇರಿ ಮೂಡಣಕ್ಕೆ ಧಾವಿಸುವಾಗ, ಅವುಗಳ ನೆರಳನ್ನು ಮಾತ್ರ ಕಂಡು ನೀರನ್ನು ಕಾಣದೆ ಉಳಿಯುವ ಸೀಮೆಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು ಸೇರಿವೆ. 1800ರಲ್ಲಿ ನಿಜಾಮನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿ ಮದರಾಸಿನ ಆಡಳಿತಕ್ಕೆ ಒಳಪಟ್ಟು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯಾಗಿ ವಿಂಗಡವಾದ ಈ ನೆಲದ ಮೇಲೆ ಸರ್ಕಾರಗಳು ಬದಲಾದಷ್ಟು ಸುಲಭವಾಗಿ ಆಕಾಶದ ಸ್ವಭಾವವು ಬದಲಾಗಲಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯೇ ಇಲ್ಲಿಯ ಜೋಳ, ನವಣೆ, ಶೇಂಗಾಗಳಿಗೆ ಆಧಾರ. ಅದರಲ್ಲಿ ಎರಡು ಹದ ತಪ್ಪಿದರೆ ಆ ವರ್ಷದ ಬಾಳೇ ತಪ್ಪಿದಂತೆ.

ಇಂತಹ ನಾಡಿನ ಚರಿತ್ರೆಯನ್ನು ಬರೆಯಹೊರಟವನು ಧ್ರುವಪ್ರದೇಶದ ಕಡಲಿನ ಮೇಲೆ ಚಳಿಗಾಲದಲ್ಲಿ ಬೆಳೆಯುವ ಮಂಜುಗಡ್ಡೆಯ ಹಾಸನ್ನೂ ಅದರ ದಪ್ಪವನ್ನು ಅಳೆಯುವ ಶಾಸ್ತ್ರವನ್ನೂ ನಡುವೆ ತರುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ದತ್ತಮಂಡಲದ ಬರ, ಹಿಮಾಲಯದ ಹಿಮ, ಧ್ರುವಸಾಗರದ ಮಂಜುಗಡ್ಡೆ ಇವು ಮೂರನ್ನೂ ಮನುಷ್ಯನು ಎಡೆಬಿಡದೆ ಅಳೆದು ಬರೆದಿಡಲು ತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕೆಲವೇ ವರ್ಷಗಳ ಅಂತರದಲ್ಲಿ. ಅವುಗಳಲ್ಲಿ ಮೊದಲನೆಯದೇ ಎರಡನೆಯದಕ್ಕೆ ನೇರವಾದ ಕಾರಣ. ಹಸಿವಿನಿಂದ ಸತ್ತವರ ಲೆಕ್ಕದಿಂದ ಹಿಮದ ಲೆಕ್ಕಕ್ಕೆ ದಾರಿ ಹೇಗೆ ಬೆಳೆಯಿತೆಂಬುದನ್ನು ಬಲ್ಲವನಿಗೆ, ಈ ತಾಲ್ಲೂಕುಗಳು ವಾಯುಮಂಡಲ ಶಾಸ್ತ್ರದ ಇತಿಹಾಸದ ಹೊರಗಿನವಲ್ಲ, ಒಳಗಿನವು ಎಂಬುದು ಸ್ಪಷ್ಟವಾಗುತ್ತದೆ.

ಮಳೆಯನ್ನು ಅಳೆಯುವ ಆಲೋಚನೆ ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನಿಟ್ಟು ಮಳೆಯ ಪ್ರಮಾಣವನ್ನು ತಿಳಿಯಬೇಕೆಂಬ ವಿಧಿಯಿದೆ. ಜಾಂಗಲವೆಂಬ ಒಣ ಪ್ರದೇಶಕ್ಕೆ 16 ದ್ರೋಣವೆಂದು ಮಳೆಯ ಗಾತ್ರವನ್ನೂ ಅಲ್ಲಿ ಹೇಳಿದೆ. ಆದರೆ ಹರಪನಹಳ್ಳಿಯ ಮಸಾರಿ ನೆಲದ ರೈತನಿಗೆ ಆಕಾಶದಿಂದ ಎಷ್ಟು ಬಿತ್ತೆಂಬುದಕ್ಕಿಂತ ನೆಲದೊಳಕ್ಕೆ ಎಷ್ಟು ಇಳಿಯಿತೆಂಬುದೇ ಮುಖ್ಯವಾಗಿತ್ತು. ಮಳೆ ನಿಂತ ಮರುದಿನ ಮುಂಜಾನೆ ಹೊಲಕ್ಕೆ ಹೋಗಿ ಮಣ್ಣನ್ನು ಕೆದರಿ, ಹಸಿ ನಾಲ್ಕು ಬೆರಳು ಇಳಿದಿದೆಯೋ ಗೇಣು ಇಳಿದಿದೆಯೋ ಎಂದು ನೋಡಿ, ಬಿತ್ತುವುದನ್ನೋ ಕಾಯುವುದನ್ನೋ ಅವನು ನಿಶ್ಚಯಿಸುತ್ತಿದ್ದನು. ಎರೆ ಹೊಲದವನ ಅಳತೆ ಬೇರೆ, ಮಸಾರಿ ಹೊಲದವನ ಅಳತೆ ಬೇರೆ. ಒಂದೇ ಮಳೆಯು ಒಂದರಲ್ಲಿ ಹದವೂ ಇನ್ನೊಂದರಲ್ಲಿ ಕೊರತೆಯೂ ಆಗುವುದುಂಟು. ರೋಹಿಣಿಯಿಂದ ಸ್ವಾತಿಯವರೆಗೆ ಮಳೆಗಳಿಗೆ ನಕ್ಷತ್ರಗಳ ಹೆಸರನ್ನಿಟ್ಟು, ಇಂತಹ ಮಳೆ ಬಂದರೆ ಇಂತಹ ಬೆಳೆ ಎಂದು ತಲೆಮಾರುಗಳಿಂದ ಹೊಂದಿಸಿಕೊಂಡ ಪಂಚಾಂಗವು ಬರೆಯದ ಗ್ರಂಥವಾದರೂ ಗ್ರಂಥವೇ ಸರಿ.

ಇನ್ನು ಮುಂದಿನ ವರ್ಷದ ಮಳೆಯನ್ನು ಮೊದಲೇ ತಿಳಿಯುವ ಹಂಬಲಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕಿಂತ ಹಿರಿದಾದ ಸಾಕ್ಷ್ಯ ಬೇಕಿಲ್ಲ. ಮಾಘಮಾಸದ ಭಾರತ ಹುಣ್ಣಿಮೆಯ ಜಾತ್ರೆಗೆ ತುಂಗಭದ್ರೆಯ ದಡದ ಆ ಊರಿನಲ್ಲಿ ಸೇರುವ ಜನಸಾಗರವು, ಡೆಂಕಣ ಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅವನ ಬಾಯಿಂದ ಹೊರಡುವ ಒಂದೆರಡು ಮಾತುಗಳಲ್ಲಿ ಮಳೆಯ, ಬೆಳೆಯ, ನಾಡಿನ ಭವಿಷ್ಯವನ್ನು ಅರಸುತ್ತದೆ. ಮಳೆ ತಪ್ಪಿದರೆ ಮನೆ ಬರಿದಾಗುವ ನಾಡಿನಲ್ಲಿ ಮುಂದಿನದನ್ನು ಅರಿಯಬೇಕೆಂಬ ಈ ತವಕವು ಗೌರವಕ್ಕೆ ಅರ್ಹವಾದುದು. ಸಿಮ್ಲೆಯಲ್ಲಿಯೂ ಲಂಡನ್ನಿನಲ್ಲಿಯೂ ಕುಳಿತ ವಿದ್ವಾಂಸರನ್ನು ಮುಂದೆ ಪ್ರೇರೇಪಿಸಿದ್ದು ಇದೇ ತವಕ.

ಕಚೇರಿಯ ಅಳತೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮದರಾಸಿನಲ್ಲಿ 1792ರಿಂದಲೇ ವೇಧಶಾಲೆಯಿತ್ತಾದರೂ, ಒಳನಾಡಿನ ಮಳೆಯ ಲೆಕ್ಕವು ಕಂದಾಯ ಇಲಾಖೆಯ ಕೆಲಸವಾಯಿತು. ತಾಲ್ಲೂಕು ಕಚೇರಿಯ ಅಂಗಳದಲ್ಲಿ, ಮರಗಳ ಮರೆಯಿಲ್ಲದ ಕಡೆ, ಐದಂಗುಲ ವ್ಯಾಸದ ಬಾಯುಳ್ಳ ಒಂದು ಆಲಿಕೆ. ಅದರ ಕೆಳಗೆ ನೀರು ಸೇರುವ ಪಾತ್ರೆ. ಪಕ್ಕದಲ್ಲಿ ಗೀಟು ಹಾಕಿದ ಗಾಜಿನ ಅಳತೆ: ಇಷ್ಟೇ ಅದರ ಉಪಕರಣ. ಬೆಳಗ್ಗೆ ಗೊತ್ತಾದ ಹೊತ್ತಿಗೆ ಗುಮಾಸ್ತನು ಹೋಗಿ ನೀರನ್ನು ಅಳೆದು ಅಂಗುಲ, ಸೆಂಟುಗಳಲ್ಲಿ ಬರೆದು ಬಳ್ಳಾರಿಯ ಹುಜೂರು ಕಚೇರಿಗೆ ಕಳುಹಿಸಬೇಕು. ಮಳೆಯಿಲ್ಲದ ದಿನವೂ ಅವನು ಹೋಗಬೇಕು, ಸೊನ್ನೆಯನ್ನೂ ಬರೆಯಬೇಕು. ಬರದ ಚರಿತ್ರೆಕಾರನಿಗೆ ಆ ಸೊನ್ನೆಗಳಿಗಿಂತ ಬೆಲೆಬಾಳುವ ಅಂಕಿ ಮತ್ತೊಂದಿಲ್ಲವಾದ್ದರಿಂದ, ಹೆಸರುಳಿಯದ ಆ ಗುಮಾಸ್ತರ ಶ್ರದ್ಧೆಯನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲವೆಂದು ನನಗೆ ಅನಿಸುತ್ತದೆ.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮುಂಗಾರು ಕೈಕೊಟ್ಟಿತು. ಅದರ ಹಿಂದೆಯೇ ಹಿಂಗಾರೂ ಕೈಕೊಟ್ಟಿತು. ಈಶ್ವರ ಸಂವತ್ಸರವು ಅದೇ ಸಂಕಟವನ್ನು ಮುಂದುವರಿಸಿತು. ಹಳೆಯ ತಲೆಗಳು ‘ಧಾತು ಈಶ್ವರದ ಬರ’ವೆಂದು ಹೇಳುತ್ತಿದ್ದ ಆ ಎರಡು ವರ್ಷಗಳಲ್ಲಿ ಮದರಾಸು ಪ್ರಾಂತದೊಳಗೆ ಅತ್ಯಂತ ಘೋರವಾಗಿ ನೊಂದ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿಯಿತ್ತು. ಪ್ರಾಂತದಲ್ಲಿ ಸತ್ತವರ ಸಂಖ್ಯೆ ಮೂವತ್ತು ಲಕ್ಷವನ್ನು ಮೀರಿತು. ನೆರೆಯ ಮೈಸೂರು ಸಂಸ್ಥಾನದಲ್ಲಿ ಅದು ಹತ್ತು ಲಕ್ಷದ ಸಮೀಪಕ್ಕೆ ಹೋಯಿತು. ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಹೊತ್ತವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ವಿಧಿಸಿದ ಕೂಲಿಯ ಕ್ರೌರ್ಯವನ್ನು ಆ ಕಾಲದ ಪತ್ರಿಕೋದ್ಯಮಿ ವಿಲಿಯಂ ಡಿಗ್ಬಿ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಧಾನ್ಯವು ರೈಲುಗಾಡಿಗಳಲ್ಲಿ ಸಾಗುತ್ತಲೇ ಇತ್ತು. ಕೊಳ್ಳುವ ಶಕ್ತಿಯಿಲ್ಲದವನ ಕಣ್ಣೆದುರಿಗೇ ಸಾಗುತ್ತಿತ್ತು. ಮಳೆ ತಪ್ಪಿದ್ದು ಪ್ರಕೃತಿಯ ಕಾರ್ಯವಾದರೂ, ಜನರು ಸತ್ತದ್ದು ಬಹುಮಟ್ಟಿಗೆ ಆಡಳಿತದ ಕಾರ್ಯವೆಂಬುದನ್ನು ಮರೆಯಲಾಗದು. ಮುಂದೆ ಹೇಳಲಿರುವ ವಿಜ್ಞಾನದ ಕಥೆಯು ಈ ಋಣವನ್ನು ತೀರಿಸುವುದಿಲ್ಲ.

ಬರದ ಕಾರಣಗಳನ್ನೂ ಪರಿಹಾರಗಳನ್ನೂ ವಿಚಾರಿಸಲು ರಿಚರ್ಡ್ ಸ್ಟ್ರೇಚಿಯ ನೇತೃತ್ವದಲ್ಲಿ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. ಮಳೆ ಬರುವುದೋ ಬಾರದೋ ಎಂಬುದನ್ನು ಮೊದಲೇ ತಿಳಿಯಬಹುದೇ ಎಂಬ ಪ್ರಶ್ನೆ ಈಗ ಪಂಡಿತರ ಕುತೂಹಲವಾಗಿ ಉಳಿಯಲಿಲ್ಲ, ಸರ್ಕಾರದ ಅಗತ್ಯವಾಯಿತು. 1875ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ತನ್ನ ಮುಂದಿದ್ದ ದಾಖಲೆಗಳನ್ನು ತಿರುವಿಹಾಕುತ್ತ, ಪಶ್ಚಿಮ ಹಿಮಾಲಯದಲ್ಲಿ ವಸಂತದವರೆಗೂ ಹಿಮವು ಅತಿಯಾಗಿ ಉಳಿದ ವರ್ಷಗಳಲ್ಲಿ ವಾಯುವ್ಯದ ಒಣಗಾಳಿ ಬಲವಾಗಿ ಬಯಲಿನ ಮಳೆ ಕುಂದುವುದೆಂಬ ಊಹೆಗೆ ಬಂದನು. 1884ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಬೆಟ್ಟದ ಮೇಲಿನ ಹಿಮದ ವರದಿಗಳನ್ನೇ ಆಧಾರವಾಗಿಟ್ಟುಕೊಂಡು ಕೆಲವು ವರ್ಷ ಪರೀಕ್ಷಾರ್ಥವಾಗಿ ಮುನ್ಸೂಚನೆಗಳನ್ನಿತ್ತ ಮೇಲೆ, 1886ರ ಜೂನ್ 4ರಂದು ಇಡೀ ದೇಶಕ್ಕೂ ಬರ್ಮಾಕ್ಕೂ ಅನ್ವಯಿಸುವ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆಯು ಹೊರಬಿದ್ದಿತು. ದಖ್ಖಣದ ಬರಿದಾದ ಕಣಜಗಳು ಹೀಗೆ ಮನುಷ್ಯನ ದೃಷ್ಟಿಯನ್ನು ಸಾವಿರಾರು ಮೈಲಿ ಉತ್ತರದ ಹಿಮದ ಕಡೆಗೆ ತಿರುಗಿಸಿದುವು.

ಅದೇ ದಶಕದಲ್ಲಿ, ಅದೇ ಉತ್ತರದ ಇನ್ನೂ ಆಚೆಗೆ, ಬೇರೊಂದು ಅಳತೆ ನಡೆದಿತ್ತು. ಆಸ್ಟ್ರಿಯಾ–ಹಂಗೆರಿಯ ನೌಕಾಧಿಕಾರಿ ಕಾರ್ಲ್ ವೈಪ್ರೆಕ್ಟ್ 1872ರಿಂದ 1874ರವರೆಗೆ ತನ್ನ ‘ಟೆಗೆಟ್‌ಹಾಫ್’ ಹಡಗಿನೊಡನೆ ಆರ್ಕ್ಟಿಕ್ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದು, ಕೊನೆಗೆ ಹಡಗನ್ನೇ ಬಿಟ್ಟು ಹಿಂತಿರುಗಿದವನು. ಹೊಸ ದ್ವೀಪಗಳಿಗೆ ಹೆಸರಿಡುವ ಸಾಹಸಕ್ಕಿಂತ, ಅನೇಕ ರಾಷ್ಟ್ರಗಳು ಒಂದೇ ಕಾಲದಲ್ಲಿ ಅನೇಕ ನೆಲೆಗಳಲ್ಲಿ ಕುಳಿತು ಒಂದೇ ವಿಧಾನದಿಂದ ಅಳೆಯುವುದು ಮೇಲೆಂದು ಅವನು ವಾದಿಸಿದನು. ಆ ವಾದದ ಫಲವೇ 1882–83ರ ಮೊದಲ ಅಂತಾರಾಷ್ಟ್ರೀಯ ಧ್ರುವವರ್ಷ. ಅದನ್ನು ಕಾಣಲು ವೈಪ್ರೆಕ್ಟ್ ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದನು.

ಧ್ರುವಯಾತ್ರಿಗಳು ತಂದ ಅಂಕಿಗಳನ್ನು ವಿಯೆನ್ನಾದ ಭೌತಶಾಸ್ತ್ರಜ್ಞ ಜೋಸೆಫ್ ಸ್ಟೆಫಾನ್ ವಿಚಾರಿಸಿ 1891ರಲ್ಲಿ ಪ್ರಕಟಿಸಿದ ಒಂದು ನಿಯಮವು ಈ ಶಾಸ್ತ್ರಕ್ಕೆ ಅಡಿಗಲ್ಲು. ಉಪ್ಪುನೀರು ಶೂನ್ಯಕ್ಕಿಂತ ಸುಮಾರು 1.8 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಮೇಲೆ ತೆಳುವಾದ ಪದರವು ಕಟ್ಟಿದೊಡನೆ, ಆ ಪದರವೇ ಕೆಳಗಿನ ನೀರಿಗೆ ಕುರುಬರ ಕಂಬಳಿಯಂತೆ ಹೊದಿಕೆಯಾಗಿ ನೀರಿನ ಬಿಸಿಯನ್ನು ಮೇಲಿನ ಚಳಿಗೆ ಹೋಗಗೊಡದೆ ತಡೆಯುವುದರಿಂದ, ಗಡ್ಡೆ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುತ್ತದೆ. ದಪ್ಪವು ಇಮ್ಮಡಿಯಾಗಬೇಕಾದರೆ ಕೂಡಿಬಂದ ಚಳಿಯು ನಾಲ್ಮಡಿಯಾಗಬೇಕು. ಆದುದರಿಂದಲೇ ಧ್ರುವದ ಘೋರ ಚಳಿಗಾಲವೂ ಒಂದೇ ಋತುವಿನಲ್ಲಿ ಮೀಟರುಗಟ್ಟಲೆ ಗಡ್ಡೆಯನ್ನು ಕಟ್ಟಲಾರದು. ಆರ್ಕ್ಟಿಕ್‌ನಲ್ಲಿ ಒಂದು ಚಳಿಗಾಲದ ಬೆಳವಣಿಗೆ ಒಂದೂವರೆ–ಎರಡು ಮೀಟರಿನಷ್ಟು. ಅದಕ್ಕೂ ಮಿಕ್ಕ ದಪ್ಪವು ಹಲವು ವರ್ಷಗಳ ಸಂಚಯದಿಂದಲೋ, ಗಾಳಿಯ ಹೊಡೆತಕ್ಕೆ ಹಾಸುಗಳು ಒಂದರ ಮೇಲೊಂದು ಏರಿ ದಿಬ್ಬವಾದುದರಿಂದಲೋ ಬರುತ್ತದೆ.

ನಾರ್ವೆಯ ನಾನ್ಸೆನ್ ತನ್ನ ‘ಫ್ರಾಮ್’ ಹಡಗನ್ನು 1893ರಲ್ಲಿ ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿದನು. ಹಾಸಿನೊಡನೆ ತೇಲುತ್ತ ಹೋದ ಆ ಹಡಗು 1896ರಲ್ಲಿ ಬಿಡುಗಡೆಯಾಯಿತು. 1937ರಲ್ಲಿ ಸೋವಿಯತ್ ದೇಶದ ಪಾಪಾನಿನ್ ಮತ್ತು ಸಂಗಡಿಗರು ಧ್ರುವದ ಬಳಿ ತೇಲುವ ಹಾಸಿನ ಮೇಲೆಯೇ ಮನೆಮಾಡಿ ತಿಂಗಳುಗಟ್ಟಲೆ ಅಳತೆ ನಡೆಸಿದರು. ಗಡ್ಡೆಯನ್ನು ಕೊರೆದು, ರಂಧ್ರದೊಳಕ್ಕೆ ಅಳತೆಪಟ್ಟಿಯನ್ನು ಇಳಿಬಿಟ್ಟು, ಅದರ ತುದಿಯ ಕೊಕ್ಕೆ ಅಡಿಗೆ ತಾಗಿದಾಗ ಓದಿಕೊಳ್ಳುವುದೇ ಎಲ್ಲರ ಉಪಾಯ. ಹರಪನಹಳ್ಳಿಯ ರೈತನು ಮಣ್ಣನ್ನು ಕೆದರಿ ಹಸಿಯನ್ನು ನೋಡಿದುದಕ್ಕೂ ಇದಕ್ಕೂ ಇದ್ದ ದೋಷವೂ ಒಂದೇ: ಕೊರೆದ ಜಾಗದ ದಪ್ಪ ತಿಳಿಯುತ್ತದೆ, ಪಕ್ಕದ್ದು ತಿಳಿಯುವುದಿಲ್ಲ.

ಈ ದೋಷವನ್ನು ಮೊದಲು ನೀಗಿದ್ದು ಯುದ್ಧದ ಭಯ. 1958ರ ಆಗಸ್ಟ್ 3ರಂದು ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿ ‘ನಾಟಿಲಸ್’ ಮಂಜುಗಡ್ಡೆಯ ಕೆಳಗೆ ಸಾಗಿ ಉತ್ತರಧ್ರುವವನ್ನು ದಾಟಿತು. ತನ್ನ ರಕ್ಷಣೆಗಾಗಿ ಮೇಲ್ಮುಖವಾಗಿ ಶಬ್ದದ ಅಲೆಗಳನ್ನು ಕಳುಹಿಸಿ ಗಡ್ಡೆಯ ಅಡಿಯನ್ನು ಅರಿಯುತ್ತ ಹೋದ ಇಂತಹ ನೌಕೆಗಳ ದಾಖಲೆಗಳು ದಶಕಗಳ ಕಾಲ ರಹಸ್ಯವಾಗಿದ್ದು, ಶೀತಲಸಮರ ಮುಗಿದ ಮೇಲೆ ವಿಜ್ಞಾನಿಗಳ ಕೈಸೇರಿದುವು. 1958ರಿಂದ 1976ರವರೆಗಿನ ಅಳತೆಗಳನ್ನು 1990ರ ದಶಕದ ಅಳತೆಗಳೊಡನೆ ಹೋಲಿಸಿ 1999ರಲ್ಲಿ ಪ್ರಕಟವಾದ ಲೇಖನವು, ಬೇಸಗೆಯ ಕೊನೆಯಲ್ಲಿ ನೀರಿನೊಳಗಿನ ಗಡ್ಡೆಯ ಸರಾಸರಿ ಆಳವು 3.1 ಮೀಟರಿನಿಂದ 1.8 ಮೀಟರಿಗೆ ಇಳಿದಿದೆಯೆಂದು ತೋರಿಸಿದಾಗ ಶಾಸ್ತ್ರಲೋಕವು ಬೆಚ್ಚಿತು. ಹಳೆಯ ಅಂಕಿಗಳನ್ನು ಯಾರೋ ಜೋಪಾನವಾಗಿಡದೆ ಹೋಗಿದ್ದರೆ ಈ ಕುಸಿತವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಅಳತೆಯು ಆಕಾಶಕ್ಕೇರಿತ್ತು. ಧ್ರುವದ ಚಳಿಗಾಲವೆಂದರೆ ಕತ್ತಲೆ. ಕತ್ತಲೆಯಲ್ಲಿಯೂ ಮೋಡದ ಮರೆಯಲ್ಲಿಯೂ ಛಾಯಾಚಿತ್ರವು ನಿರುಪಯೋಗಿ. ನೀರಿನಿಂದಲೂ ಗಡ್ಡೆಯಿಂದಲೂ ಹೊಮ್ಮುವ ಸೂಕ್ಷ್ಮತರಂಗಗಳಾದರೋ ಎರಡನ್ನೂ ಹಾದು ಬರುತ್ತವೆ. 1972ರ ಡಿಸೆಂಬರಿನಲ್ಲಿ ಹಾರಿದ ‘ನಿಂಬಸ್–5’ ಉಪಗ್ರಹವು ಈ ವಿಧಾನದಿಂದಲೇ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಚಳಿಗಾಲದ ಹಾಸಿನ ನಡುವೆ ಮೂರು ವರ್ಷ ಸತತವಾಗಿ ತೆರೆದಿದ್ದ ವಿಶಾಲವಾದ ನೀರಿನ ಬಯಲನ್ನು ಕಂಡುಹಿಡಿಯಿತು. 1978ರ ಕೊನೆಯಿಂದ ಇಂದಿನವರೆಗೆ ಉಭಯ ಧ್ರುವಗಳ ವಿಸ್ತಾರದ ಲೆಕ್ಕವು ಎಡೆಬಿಡದೆ ನಡೆದುಬಂದಿದೆ. ದಪ್ಪದ ಲೆಕ್ಕ ಇನ್ನೂ ಕಠಿಣ. 2010ರಲ್ಲಿ ಯುರೋಪಿನವರು ಹಾರಿಸಿದ ‘ಕ್ರಯೋಸ್ಯಾಟ್–2’ರಂತಹ ಉಪಗ್ರಹಗಳು ನೀರಿನ ಮಟ್ಟದಿಂದ ಗಡ್ಡೆ ಎಷ್ಟು ಮೇಲೆದ್ದಿದೆಯೆಂಬುದನ್ನು ಅಳೆಯುತ್ತವೆ. ಆದರೆ ಗಡ್ಡೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುವುದರಿಂದ, ಮೇಲಿನ ಕೆಲವೇ ಅಂಗುಲಗಳಲ್ಲಿ ಆದ ತಪ್ಪು ದಪ್ಪದಲ್ಲಿ ಹತ್ತುಮಡಿಯಾಗಿ ಬೆಳೆಯುತ್ತದೆ. ಗಡ್ಡೆಯ ಮೇಲೆ ಬಿದ್ದ ಹಿಮದ ಭಾರ ಮತ್ತೊಂದು ತೊಡಕು. ಭಾರತವೂ ಫ್ರಾನ್ಸೂ ಕೂಡಿ 2013ರ ಫೆಬ್ರವರಿ 25ರಂದು ಶ್ರೀಹರಿಕೋಟೆಯಿಂದ ಹಾರಿಸಿದ ‘ಸರಳ್’ ಉಪಗ್ರಹದ ಎತ್ತರಮಾಪಕದ ಕಿರುತರಂಗವು ಹಿಮದೊಳಕ್ಕೆ ಹೆಚ್ಚು ಇಳಿಯದೆ ಮೇಲ್ಮೈಯಿಂದಲೇ ಹಿಂತಿರುಗುವುದರಿಂದ, ಆಳಕ್ಕಿಳಿಯುವ ಇತರ ತರಂಗಗಳ ಅಳತೆಯೊಡನೆ ಹೋಲಿಸಿ ಹಿಮದ ದಪ್ಪವನ್ನು ಅಂದಾಜು ಮಾಡಲು ಅನುಕೂಲವಾಯಿತು.

ಭಾರತದ ಮೊದಲ ತಂಡವು ಹಿಮಖಂಡಕ್ಕೆ ಕಾಲಿಟ್ಟದ್ದು ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲು. ಎಸ್. ಝಡ್. ಖಾಸಿಮ್ ಅವರ ಮುಂದಾಳ್ತನದಲ್ಲಿ 21 ಮಂದಿಯ ತಂಡವು ‘ಪೋಲಾರ್ ಸರ್ಕಲ್’ ಹಡಗಿನಲ್ಲಿ 1981ರ ಡಿಸೆಂಬರ್ 6ರಂದು ಗೋವೆಯಿಂದ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕವನ್ನು ಮುಟ್ಟಿತು. ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ನೆಲೆಗಳು ಒಂದಾದ ಮೇಲೊಂದು ಎದ್ದುವು. ಅಲ್ಲಿಗೆ ಹೋಗುವ ಹಡಗುಗಳಿಗೆ ಕಡಲ ಮಂಜುಗಡ್ಡೆಯ ದಪ್ಪವು ಜೀವನ್ಮರಣದ ಪ್ರಶ್ನೆ: ಹಾಸು ಒಡೆಯದೆ ದಾರಿಯಿಲ್ಲ, ದಾರಿಯಿಲ್ಲದೆ ನೆಲೆಗೆ ಆಹಾರವಿಲ್ಲ, ಇಂಧನವಿಲ್ಲ.

ಇತ್ತ ಮುಂಗಾರಿನ ಶಾಸ್ತ್ರವು ಪಟ್ಟ ಪಾಡನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬ್ಲಾನ್‌ಫರ್ಡನ ಹಿಮದ ನಿಯಮವು ಎಲ್ಲ ವರ್ಷಗಳಿಗೂ ಒಪ್ಪಲಿಲ್ಲ. 1899ರ ಮಹಾಬರವನ್ನು ಇಲಾಖೆಯ ಮುನ್ಸೂಚನೆ ಕಾಣದೆ ಹೋಯಿತು. 1904ರಲ್ಲಿ ಇಲಾಖೆಯ ಹೊಣೆಯನ್ನು ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್, ಹಿಮಾಲಯದ ಹಿಮದ ಜೊತೆಗೆ ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಝಾಂಜಿಬಾರಿನ ಮಳೆ ಇವೆಲ್ಲವನ್ನೂ ಗಣನೆಗೆ ತೆಗೆದುಕೊಂಡನು. ಗುಮಾಸ್ತರ ಸಾಲುಸಾಲು ಕೈಬರಹದ ಲೆಕ್ಕಗಳಿಂದ, ಪೆಸಿಫಿಕ್ ಸಾಗರದ ಎರಡು ತುದಿಗಳ ವಾಯುಭಾರವು ತಕ್ಕಡಿಯಂತೆ ಏರಿಳಿಯುವ ಮಹಾಸ್ಪಂದವನ್ನು ಬೆಳಕಿಗೆ ತಂದನು. 1877ರಲ್ಲಿ ಬಳ್ಳಾರಿಯ ಆಕಾಶವನ್ನು ಬರಿದುಮಾಡಿದ್ದು ಬಹುಪಾಲು ಅದೇ ಸ್ಪಂದದ ಒಂದು ಅತಿರೇಕವೆಂಬುದು ಇಂದು ಸ್ಥಿರಪಟ್ಟಿದೆ. ವಾಕರನಿಂದ ಕಲಿಯಬೇಕಾದುದು ಅವನ ಸಂಯಮವನ್ನು: ಎರಡು ಅಂಕಿಗಳು ಒಂದೆರಡು ಬಾರಿ ಜೊತೆಯಾಗಿ ಏರಿದೊಡನೆ ಒಂದು ಇನ್ನೊಂದಕ್ಕೆ ಕಾರಣವೆಂದು ಅವನು ನಂಬುತ್ತಿರಲಿಲ್ಲ.

ಈ ಸಂಯಮವು 2023ನೆಯ ವರ್ಷವನ್ನು ನೆನೆಯುವಾಗ ಅತ್ಯಗತ್ಯ. ಆ ವರ್ಷ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ದೇಶಕ್ಕೆಲ್ಲ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಅದೇ. ಅದೇ ವರ್ಷ ಅಂಟಾರ್ಕ್ಟಿಕದ ಚಳಿಗಾಲದ ಮಂಜುಗಡ್ಡೆಯು, ಸಾಮಾನ್ಯವಾಗಿ 180 ಲಕ್ಷ ಚದರ ಕಿಲೋಮೀಟರನ್ನು ಮೀರಿ ಬೆಳೆಯತಕ್ಕದ್ದು, 170 ಲಕ್ಷವನ್ನೂ ಮುಟ್ಟದೆ ನಿಂತು, ಉಪಗ್ರಹಗಳ ಲೆಕ್ಕ ಆರಂಭವಾದಂದಿನಿಂದ ಎಂದೂ ಇಲ್ಲದ ಕೊರತೆಯನ್ನು ತೋರಿತು. ಒಂದೇ ವರ್ಷದಲ್ಲಿ ನಡೆದುವೆಂದು ಇವೆರಡನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ತಪ್ಪು. ಆದರೆ ಧ್ರುವದ ಮಂಜುಗಡ್ಡೆಗೂ ನಮ್ಮ ಮಳೆಗೂ ನಂಟೇ ಇಲ್ಲವೆಂದು ತಳ್ಳಿಹಾಕುವುದೂ ಈಗ ಸಾಧ್ಯವಿಲ್ಲ. ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಾರ್ವೆಯ ಸಹೋದ್ಯೋಗಿಗಳೊಡನೆ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಗೆಯ ಮಂಜುಗಡ್ಡೆ ಕುಗ್ಗುವುದಕ್ಕೂ ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರಿನಲ್ಲಿ, ಮಧ್ಯಭಾರತದಲ್ಲಿ ಬೀಳುವ ಅತಿವೃಷ್ಟಿಗೂ ಸಂಬಂಧವಿರಬಹುದೆಂದು, ಮೇಲಣ ವಾಯುಮಂಡಲದ ಅಲೆಗಳ ಮೂಲಕ ಆ ಪ್ರಭಾವವು ಸಾಗಿಬರುವ ದಾರಿಯನ್ನೂ ಸೂಚಿಸಿ ತೋರಿಸಿದೆ.

ಸೆಪ್ಟೆಂಬರ್ ಎಂದೊಡನೆ ಬಳ್ಳಾರಿ ಸೀಮೆಯವನು ಕಿವಿ ನಿಮಿರಿಸಬೇಕು. ಮಲೆನಾಡಿಗೆ ಜುಲೈ ಹೇಗೋ ಈ ಸೀಮೆಗೆ ಸೆಪ್ಟೆಂಬರ್ ಹಾಗೆ: ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳು. ಹುಬ್ಬೆ, ಉತ್ತರೆ ಮಳೆಗಳು ನೆಲವನ್ನು ಹದಮಾಡಿದರೆ ಹಡಗಲಿಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳಕ್ಕೂ ಕಡಲೆಗೂ ಕೂರಿಗೆ ಕಟ್ಟುತ್ತಾರೆ. ಅತಿಯಾದರೆ ಕೂಡ್ಲಿಗಿಯಲ್ಲಿ ನಿಂತ ಶೇಂಗಾ ಕೊಳೆಯುತ್ತದೆ. ಆರ್ಕ್ಟಿಕ್‌ನ ಮಂಜುಗಡ್ಡೆ ವರ್ಷದ ಅತಿ ಕಡಮೆಗೆ ಇಳಿಯುವುದೂ, ಅಂಟಾರ್ಕ್ಟಿಕದ್ದು ಅತಿ ಹೆಚ್ಚಿಗೆ ಏರುವುದೂ ಇದೇ ತಿಂಗಳಿನ ಆಸುಪಾಸಿನಲ್ಲಿ. ಮಧ್ಯಭಾರತಕ್ಕೆ ಕಂಡುಬಂದ ನಂಟು ಈ ಐದು ತಾಲ್ಲೂಕುಗಳ ಮಟ್ಟಿಗೆ ಎಷ್ಟು ನಿಜವೆಂಬುದನ್ನು ಪರೀಕ್ಷಿಸಲು ಬೇಕಾದ ಎರಡು ದಾಖಲೆಗಳೂ ಇವೆ: ಒಂದು ಕಡೆ 1978ರಿಂದ ನಡೆದುಬಂದ ಉಪಗ್ರಹಗಳ ಲೆಕ್ಕ, ಇನ್ನೊಂದು ಕಡೆ ತಾಲ್ಲೂಕು ಕಚೇರಿಯ ಹಳೆಯ ಮಳೆಪಟ್ಟಿಗಳು, ಅವುಗಳ ಮುಂದುವರಿಕೆಯಾಗಿ 1988ರಲ್ಲಿ ಕರ್ನಾಟಕವು ದೇಶದಲ್ಲೇ ಮೊದಲಿಗೆ ಸ್ಥಾಪಿಸಿದ ಬರ ಉಸ್ತುವಾರಿ ಘಟಕದ ಪರಂಪರೆಯಲ್ಲಿ ಇಂದು ಗ್ರಾಮಪಂಚಾಯಿತಿಗೊಂದರಂತೆ ನಿಂತು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ವರದಿ ಕಳುಹಿಸುವ ಮಳೆಮಾಪಕಗಳು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹುಬ್ಬೆ ಉತ್ತರೆಗಳ ಅಂಕಿಗಳನ್ನು ಕಾರಾ ಸಮುದ್ರದ ಅಂಕಿಗಳೊಡನೆ ವರ್ಷವರ್ಷಕ್ಕೂ ಹೋಲಿಸಿ ನೋಡುವ ಕೆಲಸವನ್ನು ಈ ನೆಲದ ವಿದ್ಯಾರ್ಥಿಯೊಬ್ಬನೋ ಒಬ್ಬಳೋ ಕೈಗೆತ್ತಿಕೊಳ್ಳುವುದು ಎಲ್ಲ ರೀತಿಯಿಂದಲೂ ಯುಕ್ತ. ಹಳೆಯ ಪಟ್ಟಿಗಳು ಗೆದ್ದಲಿಗೆ ತುತ್ತಾಗುವ ಮುನ್ನವೇ ಅದು ಆಗಬೇಕು.